ನಿಂತು ದುಡಿಯುವವರಿಗೆ ಎಷ್ಟಡಿ ಜಾಗ?

ನಮ್ಮ ಬಡಾವಣೆಯ ಬಸ್ ನಿಲ್ದಾಣದ ಪಕ್ಕ ದಿನಾ ಬೆಳಿಗ್ಗೆ ಆರಕ್ಕೆಲ್ಲ ಒಬ್ಬ ಅಕ್ಕ ಸೊಪ್ಪು ಹರಡಿಕೊಂಡು ಕೂತಿರುತ್ತಾರೆ. ಮಗುಚಿದ ಬಕೆಟ್ಟೇ ಅವರ ಕುರ್ಚಿ. ನೆಲಕ್ಕೆ ನೀಲಿ ಟಾರ್ಪಾಲು, ಅದರ ಮೇಲೆ ದಂಟು, ಮೆಂತ್ಯ, ಸಬ್ಬಸಿಗೆ, ಕೊತ್ತಂಬರಿ. ಟಾರ್ಪಾಲಿನ ನಾಲ್ಕೂ ಮೂಲೆಗೆ ಹಗ್ಗ ಕಟ್ಟಿದೆ. ಗಾಳಿಗೆ ಹಾರದಿರಲಿ ಅಂತ ಕಟ್ಟಿರಬೇಕು ಅಂದುಕೊಂಡಿದ್ದೆ. ಒಂದು ದಿನ "ಗಾಡಿ ಬಂತು" ಅಂತ ಯಾರೋ ಕೂಗಿದಾಗ ಗೊತ್ತಾಯಿತು. ಗಾಡಿ ಅಂದರೆ ಬೀದಿ ವ್ಯಾಪಾರಿಗಳನ್ನು ಎಬ್ಬಿಸಿ ಸಾಮಾನು ಹೇರಿಕೊಂಡು ಹೋಗುವ ಪಾಲಿಕೆಯ ಗಾಡಿ. ನಾಲ್ಕೂ ಹಗ್ಗ ಸೇರಿಸಿ ಒಮ್ಮೆ ಎಳೆದರೆ ಇಡೀ ಅಂಗಡಿ ಒಂದು ಗಂಟು. ಕಣ್ಣು ಮಿಟುಕಿಸುವಷ್ಟರಲ್ಲಿ ಅಕ್ಕ, ಗಂಟು ಎರಡೂ ಪಕ್ಕದ ಗಲ್ಲಿಯೊಳಗೆ ಮಾಯ.

ಅವರ ಪಕ್ಕ ಎರಡು ಲೀಟರಿನ ನೀರಿನ ಬಾಟಲಿ ಇರುತ್ತದೆ. ಅದು ಸೊಪ್ಪಿಗೆ ಚಿಮುಕಿಸುವುದಕ್ಕೆ. "ನೀವು ಕುಡಿಯಲ್ವಾ ಅಕ್ಕ?" ಅಂತ ಕೇಳಿದ್ದಕ್ಕೆ, "ಕುಡಿದ್ರೆ ಆಮೇಲೆ ಎಲ್ಲಿಗ್ ಹೋಗ್ಲಿ ಹೇಳಿ" ಅಂದರು.

ಅಸಂಘಟಿತ ಕಾರ್ಮಿಕರಿಗೆ ಸುರಕ್ಷಿತವಾದ, ಎಲ್ಲರನ್ನೂ ಒಳಗೊಳ್ಳುವ ನಗರ ಬೇಕು ಎಂಬ ಮಾತು ಭಾಷಣಗಳಲ್ಲಿ ಉರುಳಿ ಉರುಳಿ ನುಣುಪಾಗಿಬಿಟ್ಟಿದೆ, ಕೈಗೆ ಸಿಗುವುದಿಲ್ಲ. ಆ ನಾಲ್ಕು ಹಗ್ಗ ಮತ್ತು ಆ ನೀರಿನ ಬಾಟಲಿಯಿಂದ ಶುರುಮಾಡಿದರೆ ಹಿಡಿತಕ್ಕೆ ಸಿಕ್ಕೀತು.

ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಲೆಕ್ಕದಲ್ಲಿ ಪ್ರಪಂಚದ ದುಡಿಯುವವರ ಪೈಕಿ ಶೇ 60ರಷ್ಟು, ಅಂದರೆ ಸುಮಾರು 200 ಕೋಟಿ ಜನ, ಅಸಂಘಟಿತ ವಲಯದವರು. ಭಾರತದಲ್ಲಂತೂ ಹತ್ತರಲ್ಲಿ ಹತ್ತಿರ ಹತ್ತಿರ ಒಂಬತ್ತು ಮಂದಿ. ನೇಮಕಾತಿ ಪತ್ರ ಇಲ್ಲ, ಪಿಎಫ್ ಇಲ್ಲ, ರಜೆ ಹಾಕಿದರೆ ಅವತ್ತಿನ ಸಂಬಳವೂ ಇಲ್ಲ. ಇಷ್ಟು ಎಲ್ಲರಿಗೂ ಗೊತ್ತು. ಇವರಲ್ಲಿ ದೊಡ್ಡ ಪಾಲಿನವರಿಗೆ 'ಕೆಲಸದ ಜಾಗ' ಅಂದರೆ ಬೀದಿಯೇ ಎಂಬುದನ್ನು ಮಾತ್ರ ನಾವು ಅಷ್ಟಾಗಿ ಯೋಚಿಸುವುದಿಲ್ಲ. ನಮ್ಮ ಬೀದಿಗಳನ್ನು ಕಟ್ಟಿರುವುದು ಹೋಗುವವರಿಗೆ, ಬರುವವರಿಗೆ. ನಿಲ್ಲುವವರಿಗೆ ಅಲ್ಲಿ ಲೆಕ್ಕವೇ ಇಲ್ಲ. ರಸ್ತೆ ಎಂಜಿನಿಯರ್ ಎಣಿಸುವುದು ಗಂಟೆಗೆ ಎಷ್ಟು ವಾಹನ ಹಾದುಹೋದವು ಅಂತ. ಎಷ್ಟು ಜನ ಅಲ್ಲೇ ನಿಂತು ಹೊಟ್ಟೆ ಹೊರೆದರು ಅಂತಲ್ಲ. ಹಾಗಾಗಿ ನಿಂತವನು ಕಡತದಲ್ಲಿ 'ಅಡಚಣೆ' ಆಗಿಬಿಡುತ್ತಾನೆ.

ನಿಲ್ಲುವವರು ಯಾರೆಲ್ಲ? ಹೂವು ಹಣ್ಣು ಮಾರುವವರು ಮೊದಲು ನೆನಪಾಗುತ್ತಾರೆ. ಬೆಳಿಗ್ಗೆ ಏಳರ ಹೊತ್ತಿಗೆ ಯಾವುದಾದರೂ ದೊಡ್ಡ ಸರ್ಕಲ್ಲಿಗೆ ಹೋಗಿ ನೋಡಿ, ಅಲ್ಲಿ ಲೇಬರ್ ಅಡ್ಡಾ ಇರುತ್ತದೆ. ಒಬ್ಬರ ಕೈಯಲ್ಲಿ ಕರಣೆ, ಇನ್ನೊಬ್ಬರ ಚೀಲದಿಂದ ಇಣುಕುವ ಪೇಂಟ್ ಬ್ರಷ್ಷು, ಮತ್ತೊಬ್ಬರ ಹೆಗಲಿಗೆ ಹಾರೆ. ಬೋರ್ಡು ಬೇಕಿಲ್ಲ, ಸಾಮಾನು ನೋಡಿದರೆ ಕಸುಬು ಗೊತ್ತಾಗುತ್ತದೆ. ಮೇಸ್ತ್ರಿ ಬಂದು ಕರೆದುಕೊಂಡು ಹೋದರೆ ಅವತ್ತಿನ ಕೂಲಿ. ಒಂಬತ್ತೂವರೆ ದಾಟಿದರೆ ಮನೆಗೆ. ಇವರ ಹೆಸರಿನಲ್ಲಿ ರಾಜ್ಯದಲ್ಲೊಂದು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ಇದೆ. ಕಟ್ಟಡದ ವೆಚ್ಚದ ಮೇಲೆ ವಸೂಲಾಗುವ ಶೇ 1ರ ಸೆಸ್ ಅದಕ್ಕೆ ಹೋಗುತ್ತದೆ. ನೋಂದಣಿಗೆ ಹಿಂದಿನ ಒಂದು ವರ್ಷದಲ್ಲಿ 90 ದಿನ ಕೆಲಸ ಮಾಡಿದ್ದಕ್ಕೆ ಪುರಾವೆ ಬೇಕು. ಅಡ್ಡಾದಲ್ಲಿ ನಿಂತು ದಿನಕ್ಕೊಬ್ಬ ಮೇಸ್ತ್ರಿಯ ಹಿಂದೆ ಹೋಗುವವರು ಯಾರ ಹತ್ತಿರ ಹೋಗಿ ಆ ಪುರಾವೆ ಕೇಳಬೇಕು? ಇಷ್ಟೆಲ್ಲ ಇದ್ದೂ ಅಡ್ಡಾದಲ್ಲಿ ಒಂದು ಚಪ್ಪರ, ಒಂದು ನಲ್ಲಿ ಕಾಣುವುದು ಅಪರೂಪ. ಇನ್ನು ಹೋಟೆಲಿನ ಮುಂದೆ ಬೈಕಿನ ಮೇಲೆ ಕೂತು ಆರ್ಡರ್ ಕಾಯುವ ಡೆಲಿವರಿ ಹುಡುಗರು. ಕರ್ನಾಟಕ 2025ರಲ್ಲಿ ಹೀಗೆ ಆ್ಯಪ್ ಮೂಲಕ ಬಿಡಿ ಬಿಡಿಯಾಗಿ ಕೆಲಸ ಹಿಡಿಯುವ ಗಿಗ್ ಕಾರ್ಮಿಕರಿಗೆಂದೇ ಕಾಯ್ದೆ ತಂದು, ಕಂಪನಿಗಳಿಂದ ಕಲ್ಯಾಣ ಶುಲ್ಕ ವಸೂಲಿಗೆ ದಾರಿ ಮಾಡಿತು. ಅದೇ ವರ್ಷ ಚೆನ್ನೈ ಪಾಲಿಕೆ ಇಂಥ ಹುಡುಗರಿಗೆ ಎಸಿ ಇರುವ ತಂಗುಕೋಣೆ ತೆರೆಯಿತು. ನಮ್ಮದು ಹಣದ ದಾರಿ, ಅವರದು ನೆರಳಿನ ದಾರಿ. ಎರಡೂ ಬೇಕು. ಆದರೆ ಮಟಮಟ ಮಧ್ಯಾಹ್ನ ಬೈಕಿನ ಸೀಟು ಮುಟ್ಟಿ ನೋಡಿದವರು ಮೊದಲು ಯಾವುದನ್ನು ಕೇಳುತ್ತಾರೆ ಅಂತ ಹೇಳಬೇಕಾಗಿಲ್ಲ. 2024ರ ಏಪ್ರಿಲ್‌ನಲ್ಲಿ 'ಹವಾನಿಯಂತ್ರಿತ ನಗರ' ಎಂದು ಬೀಗುತ್ತಿದ್ದ ಬೆಂಗಳೂರಿನಲ್ಲೇ ತಾಪಮಾನ 38 ಡಿಗ್ರಿ ದಾಟಿತ್ತು.

ಇವರೆಲ್ಲರ ಪೈಕಿ ಬೀದಿಯ ಮೇಲೆ ನಿಲ್ಲುವ ಹಕ್ಕನ್ನು ಕಾನೂನು ಅಡಿ-ಅಂಗುಲದವರೆಗೆ ಯೋಚಿಸಿ ಬರೆದಿರುವುದು ಒಂದೇ ಗುಂಪಿಗೆ, ಬೀದಿಬದಿ ವ್ಯಾಪಾರಿಗಳಿಗೆ. ಅದರ ಕಥೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಕಾಯ್ದೆ ಹೇಳುವುದೇನು

1985ರಲ್ಲಿ ಮುಂಬೈನ ಫುಟ್‌ಪಾತ್ ವಾಸಿಗಳ ಪ್ರಕರಣದಲ್ಲಿ, ಜೀವಿಸುವ ಹಕ್ಕಿನೊಳಗೆ ಜೀವನೋಪಾಯದ ಹಕ್ಕೂ ಸೇರಿದೆ ಎಂದು ಸುಪ್ರೀಂ ಕೋರ್ಟ್ ಹೇಳಿತು. ಹಾಗೆ ಹೇಳಿಯೂ ಅವರನ್ನು ತೆರವು ಮಾಡುವುದನ್ನು ಪೂರ್ತಿ ತಡೆಯಲಿಲ್ಲ ಅನ್ನುವುದು ಬೇರೆ ಮಾತು. 1989ರಲ್ಲಿ ದೆಹಲಿಯ ಸೋಧನ್ ಸಿಂಗ್ ಪ್ರಕರಣದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬೀದಿಯಲ್ಲಿ ವ್ಯಾಪಾರ ಮಾಡುವುದು ಸಂವಿಧಾನ ಕೊಟ್ಟ ಕಸುಬಿನ ಹಕ್ಕಿನೊಳಗೇ ಬರುತ್ತದೆ, ಸರ್ಕಾರ ಅದನ್ನು ನಿಯಂತ್ರಿಸಬಹುದು ಎಂದಿತು. ಅಲ್ಲಿಂದ ಕಾಯ್ದೆ ಬರಲು ಮತ್ತೆ ಕಾಲು ಶತಮಾನ ಹಿಡಿಯಿತು. ಬೀದಿಬದಿ ವ್ಯಾಪಾರಿಗಳ ಜೀವನೋಪಾಯ ರಕ್ಷಣೆ ಮತ್ತು ನಿಯಂತ್ರಣ ಕಾಯ್ದೆ ಜಾರಿಯಾದದ್ದು 2014ರ ಮೇ 1ರಂದು. ಕಾರ್ಮಿಕರ ದಿನ.

ಆ ಕಾಯ್ದೆಯ ಕೀಲಿ ಇರುವುದು 3ನೇ ಸೆಕ್ಷನ್ನಿನಲ್ಲಿ. ನಗರದಲ್ಲಿ ಈಗಾಗಲೇ ಇರುವ ಎಲ್ಲ ಬೀದಿ ವ್ಯಾಪಾರಿಗಳ ಸಮೀಕ್ಷೆ ಆಗಬೇಕು, ಐದು ವರ್ಷಕ್ಕೊಮ್ಮೆಯಾದರೂ ಅದು ಮರುಕಳಿಸಬೇಕು. ಸಮೀಕ್ಷೆ ಮುಗಿದು ಎಲ್ಲರಿಗೂ ವ್ಯಾಪಾರ ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವ ಹಾಗಿಲ್ಲ. ಮೊದಲು ಎಣಿಕೆ, ಆಮೇಲೆ ತೆರವಿನ ಮಾತು. ರೂಢಿಯಲ್ಲಿರುವುದು ಇದರ ಉಲ್ಟಾ. "ನಿನ್ನ ಹತ್ತಿರ ಕಾರ್ಡ್ ಇದೆಯಾ? ಇಲ್ಲವಲ್ಲ, ಎತ್ತು" ಅನ್ನುತ್ತಾರೆ. ಕಾರ್ಡ್ ಕೊಡಬೇಕಾದವರು ಕೊಡದೆ ಇದ್ದದ್ದೇ ಕಾರ್ಡ್ ಇಲ್ಲದವರ ತಪ್ಪಾಗುತ್ತದೆ. ಕನ್ನಡದಲ್ಲಿ ಎತ್ತಂಗಡಿ ಎಂಬ ಪದ ಸರ್ಕಾರಿ ನೌಕರರ ವರ್ಗಾವಣೆಗೆ ಬಳಕೆಯಾಗುತ್ತದೆ. ವರ್ಗವಾದ ನೌಕರನಿಗೆ ಮುಂದಿನ ಊರಲ್ಲೊಂದು ಕುರ್ಚಿ ಕಾದಿರುತ್ತದೆ. ಅಕ್ಷರಶಃ ಅಂಗಡಿ ಎತ್ತಬೇಕಾದವರಿಗೆ ಆ ಕುರ್ಚಿ ಎಲ್ಲಿದೆ?

ಜನಸಂಖ್ಯೆಯ ಶೇ 2.5ರಷ್ಟರವರೆಗೆ ವ್ಯಾಪಾರಿಗಳಿಗೆ ಊರಿನೊಳಗೆ ಜಾಗ ಮಾಡಿಕೊಡಬೇಕು ಎನ್ನುವುದು ಕಾಯ್ದೆಯ ಲೆಕ್ಕ. 2011ರ ಜನಗಣತಿಯಲ್ಲಿ ಬೆಂಗಳೂರು ಪಾಲಿಕೆ ವ್ಯಾಪ್ತಿಯ ಜನಸಂಖ್ಯೆ ಸುಮಾರು 84 ಲಕ್ಷ. ಅದರ ಶೇ 2.5 ಅಂದರೆ 2 ಲಕ್ಷದ ಮೇಲೆ. 2017ರಲ್ಲಿ ಆಗಿನ ಬಿಬಿಎಂಪಿ ನಡೆಸಿದ ಸಮೀಕ್ಷೆಯಲ್ಲಿ ಸಿಕ್ಕಿದ್ದು 25 ಸಾವಿರದ ಆಸುಪಾಸು. ಶೇ 2.5 ಎನ್ನುವುದು ಮೇಲಿನ ಮಿತಿ, ಅಷ್ಟು ಜನ ಇರಲೇಬೇಕು ಅಂತಿಲ್ಲ, ಒಪ್ಪೋಣ. ಆದರೂ ಕೆ.ಆರ್. ಮಾರುಕಟ್ಟೆಯಿಂದ ಶಿವಾಜಿನಗರದವರೆಗೆ ಒಂದು ಸಂಜೆ ನಡೆದವರು ಆ ಅಂಕಿಯನ್ನು ನಂಬುವುದು ಕಷ್ಟ.

ಜಾಗ ಎಲ್ಲಿ ಎಂದು ತೀರ್ಮಾನಿಸುವುದು ಪಟ್ಟಣ ವ್ಯಾಪಾರ ಸಮಿತಿಯ ಶಿಫಾರಸಿನ ಮೇಲೆ. ಅದರಲ್ಲಿ ಶೇ 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳೇ ಇರಬೇಕು, ಅವರನ್ನು ವ್ಯಾಪಾರಿಗಳೇ ಚುನಾಯಿಸಬೇಕು, ಅವರಲ್ಲಿ ಮೂರನೇ ಒಂದು ಪಾಲು ಮಹಿಳೆಯರಾಗಿರಬೇಕು. ಆಯುಕ್ತರ ಜೊತೆ, ಪೊಲೀಸರ ಜೊತೆ ಒಂದೇ ಮೇಜಿನ ಸುತ್ತ ಹೂವು ಮಾರುವವರೊಬ್ಬರು ಕೂತು ಮತ ಹಾಕುವ ಏರ್ಪಾಡು ನಮ್ಮ ನಗರಾಡಳಿತದಲ್ಲಿ ಬೇರೆಲ್ಲೂ ಇಲ್ಲ. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಐದು ನಗರ ಪಾಲಿಕೆಗಳು ಬಂದವು. ಐದೂ ಕಡೆ ಈ ಸಮಿತಿಗಳು ನೆಟ್ಟಗೆ ಕೂತರೆ ಬಹಳಷ್ಟು ಜಗಳ ಬೀದಿಗೆ ಬರುವ ಮುಂಚೆಯೇ ಮುಗಿಯುತ್ತದೆ.

ನನಗೆ ಅತ್ಯಂತ ಇಷ್ಟವಾಗುವುದು ಕಾಯ್ದೆಯ ಕೊನೆಯಲ್ಲಿರುವ ಒಂದನೇ ಅನುಸೂಚಿ. ಇಡೀ ಕಾಯ್ದೆಯಲ್ಲಿ ಬೀದಿಯ ವಾಸನೆ ಇರುವ ಪುಟ ಅದೊಂದೇ. ಜನ ತಾವಾಗಿಯೇ ಸೇರಿ ಬಹುಕಾಲದಿಂದ ನಡೆಸಿಕೊಂಡು ಬಂದ ಸಂತೆಯನ್ನು ಅದು 'ಸಹಜ ಮಾರುಕಟ್ಟೆ' ಎಂದು ಗುರುತಿಸುತ್ತದೆ, ಅಂಥ ಜಾಗವನ್ನು ವ್ಯಾಪಾರ ನಿಷೇಧ ವಲಯ ಎಂದು ಘೋಷಿಸುವ ಹಾಗಿಲ್ಲ ಎನ್ನುತ್ತದೆ. ಗಿಜಿಗುಡುತ್ತದೆ ಎಂಬ ಕಾರಣಕ್ಕೂ ಹಾಗೆ ಘೋಷಿಸುವಂತಿಲ್ಲ. ಗಲೀಜಾಗುತ್ತದೆ ಅನ್ನುವುದಾದರೆ, ಆ ಗಲೀಜು ಪೂರ್ತಿ ವ್ಯಾಪಾರಿಗಳದ್ದೇ ಆಗಿರಬೇಕು, ಪಾಲಿಕೆ ಏನು ಮಾಡಿದರೂ ಸರಿಪಡಿಸಲಾಗದ್ದಾಗಿರಬೇಕು. ಸಮೀಕ್ಷೆ ಮುಗಿದು ಯೋಜನೆ ಸಿದ್ಧವಾಗುವವರೆಗೆ ಯಾವ ವಲಯವನ್ನೂ ನಿಷೇಧ ವಲಯ ಎನ್ನುವಂತಿಲ್ಲ. ಮುಂದಿನ ಸಲ ಗೋಡೆಯ ಮೇಲೆ 'ಇಲ್ಲಿ ವ್ಯಾಪಾರ ನಿಷೇಧಿಸಿದೆ' ಎಂಬ ಬರಹ ಕಂಡರೆ, ಯಾವ ಸಮಿತಿ, ಯಾವ ಸಭೆಯಲ್ಲಿ, ಯಾವ ತಾರೀಖಿಗೆ ಎಂದು ಕೇಳಬಹುದು.

ಸಾಮಾನು ಜಪ್ತಿ ಮಾಡುವುದಕ್ಕೂ ರೀತಿಯಿದೆ. ಸ್ಥಳಾಂತರಿಸಬೇಕಾದರೆ 30 ದಿನ ಮುಂಚೆ ನೋಟಿಸ್ ಕೊಡಬೇಕು. ಜಪ್ತಿಯಾದ ಸಾಮಾನಿನ ಪಟ್ಟಿ ಬರೆದು, ಸಹಿ ಹಾಕಿ, ವ್ಯಾಪಾರಿಯ ಕೈಗೆ ಕೊಡಬೇಕು. ಕೆಡದ ಸಾಮಾನನ್ನು ಕೇಳಿದ ಎರಡು ಕೆಲಸದ ದಿನದೊಳಗೆ, ಕೆಡುವಂಥದ್ದನ್ನು ಕೇಳಿದ ದಿನವೇ ವಾಪಸು ಕೊಡಬೇಕು. ಆದರೆ ಮಲ್ಲಿಗೆಗೆ 'ಅದೇ ದಿನ' ಅಂದರೂ ತಡವೇ. ಬೆಳಿಗ್ಗೆ ಮೊಗ್ಗಾಗಿ ಹೋದದ್ದು ಸಂಜೆ ಅರಳಿ ಬಾಡಿ ಬರುತ್ತದೆ. ತಕ್ಕಡಿ, ತಳ್ಳುಗಾಡಿ ಸಿಕ್ಕರೂ ಬಂಡವಾಳ ಹೋಗಿರುತ್ತದೆ. ಆ ಬಂಡವಾಳವಾದರೂ ಎಲ್ಲಿಂದ ಬಂದದ್ದು? ಬೆಳಿಗ್ಗೆ 900 ರೂಪಾಯಿ ಎಣಿಸಿಕೊಂಡು ಸಂಜೆ 1,000 ತಿರುಗಿಸುವ ಮೀಟರ್ ಬಡ್ಡಿಯಿಂದ. ಇದನ್ನು ತಪ್ಪಿಸಲೆಂದೇ ರಾಜ್ಯ ಸರ್ಕಾರ 2018ರಲ್ಲಿ ಬಡವರ ಬಂಧು ಎಂಬ ಬಡ್ಡಿಯಿಲ್ಲದ ಸಾಲ ತಂದಿತು. ಕೋವಿಡ್ ಕಾಲದಲ್ಲಿ, 2020ರ ಜೂನ್‌ನಲ್ಲಿ, ಕೇಂದ್ರದ ಪಿಎಂ ಸ್ವನಿಧಿ ಬಂತು. ಮೊದಲು 10,000, ತೀರಿಸಿದರೆ 20,000, ಆಮೇಲೆ 50,000 (2025ರಲ್ಲಿ ಮೊದಲೆರಡು ಕಂತು 15,000 ಮತ್ತು 25,000 ಆದವು). ಒಳ್ಳೆಯದೇ. ಆದರೆ ಬ್ಯಾಂಕು ಕೊಟ್ಟ ದುಡ್ಡಿನಲ್ಲಿ ಕೊಂಡ ಗಾಡಿಯನ್ನು ಲಾರಿಗೆ ಹೇರಿಕೊಂಡು ಹೋದರೆ ಉಳಿಯುವುದು ಕಂತು ಮಾತ್ರ. ಸರ್ಕಾರಗಳಿಗೆ ಸಾಲ ಕೊಡುವುದು ಸಲೀಸು, ಜಾಗ ಕೊಡುವುದು ಸಂಕಟ.

"ಫುಟ್‌ಪಾತ್ ಇವರಪ್ಪನ ಆಸ್ತಿಯಾ?" ಎಂದು ಕೇಳುವವರಿಗೆ ಉತ್ತರ ಕಾಯ್ದೆಯಲ್ಲೇ ಇದೆ. ಅಲ್ಲ. ಕೂತ ಜಾಗದ ಮೇಲೆ ಶಾಶ್ವತ ಹಕ್ಕು ಹುಟ್ಟುವುದಿಲ್ಲ ಎಂದು 29ನೇ ಸೆಕ್ಷನ್ ನೇರವಾಗಿ ಹೇಳುತ್ತದೆ. ಪ್ರಮಾಣಪತ್ರವನ್ನು ಬಾಡಿಗೆಗೆ ಕೊಡುವಂತಿಲ್ಲ. ಬೇರೆ ಜೀವನೋಪಾಯ ಇಲ್ಲವೆಂದು, ತಾನು ಅಥವಾ ತನ್ನ ಮನೆಯವರೇ ಕೂತು ಮಾರುತ್ತೇವೆಂದು ಬರೆದುಕೊಡಬೇಕು.

ಟೇಪು ಹಿಡಿದು ಅಳೆದರೆ

ಪಾದಚಾರಿಗಳ ಕಡೆಯ ಮಾತೂ ಇದೆ, ಅದು ಸಣ್ಣದಲ್ಲ. ಗಾಲಿಕುರ್ಚಿಯಲ್ಲಿ ಹೋಗುವವರು, ಬಿಳಿಕೋಲಿನವರು, ಮಗುವನ್ನು ಕೈಹಿಡಿದು ನಡೆಸುವ ತಾಯಿ, ಇವರೆಲ್ಲ ಬೋಂಡದ ಬಾಣಲೆ ಸುತ್ತಿಕೊಂಡು ರಸ್ತೆಗಿಳಿಯಬೇಕಾದರೆ ಅದು ಯಾವ ಲೆಕ್ಕದಲ್ಲೂ ಎಲ್ಲರನ್ನೂ ಒಳಗೊಂಡ ಬೀದಿಯಲ್ಲ. ನಾನೂ ಬೈದುಕೊಂಡೇ ಇಳಿದಿದ್ದೇನೆ.

ಆದರೆ ಈ ಜಗಳಕ್ಕೆ ಅಳತೆಗೋಲೊಂದಿದೆ. ಫುಟ್‌ಪಾತಿನಲ್ಲಿ ನಡೆಯಲು ಕನಿಷ್ಠ 1.8 ಮೀಟರ್ ಅಗಲ ಅಡೆತಡೆಯಿಲ್ಲದೆ ಬಿಟ್ಟಿರಬೇಕು ಎನ್ನುತ್ತದೆ ಭಾರತೀಯ ರಸ್ತೆ ಕಾಂಗ್ರೆಸ್‌ನ ಮಾರ್ಗಸೂಚಿ. ಸರಿಸುಮಾರು ಆರಡಿ. ಎರಡು ಗಾಲಿಕುರ್ಚಿ ಎದುರುಬದುರು ದಾಟುವಷ್ಟು. ಅಂಗಡಿಬೀದಿಗಳಲ್ಲಿ ಇನ್ನೂ ಹೆಚ್ಚು. ಆ ನಡೆದಾರಿಯ ಆಚೆ, ರಸ್ತೆಯ ಅಂಚಿಗೆ ಮರ, ದೀಪದ ಕಂಬ, ಬೆಂಚುಗಳಿಗೆ ಒಂದು ಪಟ್ಟಿ ಇರುತ್ತದೆ. ತಳ್ಳುಗಾಡಿಗೆ, ಟಾರ್ಪಾಲಿಗೆ ಜಾಗ ಸಿಗಬೇಕಾದದ್ದು ಅಲ್ಲಿ, ಮರದಿಂದ ಮರಕ್ಕೆ ನಡುವಿನ ಖಾಲಿಯಲ್ಲಿ. ನಮ್ಮ ಬಸ್ ನಿಲ್ದಾಣದ ಫುಟ್‌ಪಾತನ್ನೇ ಒಂದು ಭಾನುವಾರ ಹೆಜ್ಜೆ ಹಾಕಿ ಅಳೆದೆ. ಟ್ರಾನ್ಸ್‌ಫಾರ್ಮರ್‌ನ ಬೇಲಿ ಒಂದು ಕಡೆ ಪೂರ್ತಿ ಅಗಲ ನುಂಗಿತ್ತು. ಮುಂದೆ ಮೂರು ಬೈಕು, ಒಂದು ಮನೆಯ ರ‍್ಯಾಂಪು, ಯಾರೋ ಸುರಿದ ಕಟ್ಟಡದ ಕಸ. ಸೊಪ್ಪಿನ ಅಕ್ಕನ ಟಾರ್ಪಾಲು ಹಿಡಿದದ್ದು ಮೂರಡಿ ಚಿಲ್ಲರೆ. ಪಕ್ಕದಲ್ಲಿ ಆರಡಿ ಧಾರಾಳವಾಗಿ ಉಳಿದಿತ್ತು. ಓಡಬೇಕಾಗಿ ಬಂದವರು ಮಾತ್ರ ಅವರೊಬ್ಬರೇ. ಟ್ರಾನ್ಸ್‌ಫಾರ್ಮರಿಗೆ ಹಗ್ಗ ಕಟ್ಟಿ ಎಳೆಯಲಾಗುವುದಿಲ್ಲವಲ್ಲ.

ಇನ್ನೊಂದು ಸಲಹೆ ಯಾವಾಗಲೂ ಕೇಳಿಬರುತ್ತದೆ: ಎಲ್ಲರನ್ನೂ ಒಂದು ಕಟ್ಟಡಕ್ಕೆ ಸೇರಿಸಿಬಿಡಿ, ಮಳಿಗೆ ಕಟ್ಟಿಕೊಡಿ. ಕೇಳಲು ಚೆನ್ನಾಗಿದೆ. ಬಸ್ಸಿಳಿದು ದೇವಸ್ಥಾನಕ್ಕೆ ಹೋಗುವವರು ದಾರಿಯಲ್ಲಿ ಎರಡು ಮೊಳ ಮಲ್ಲಿಗೆ ಕೊಳ್ಳುತ್ತಾರೆ. ಆ ಎರಡು ಮೊಳಕ್ಕೋಸ್ಕರ ಮೊದಲ ಮಹಡಿ ಹತ್ತುವುದಿಲ್ಲ. ಬೀದಿ ವ್ಯಾಪಾರಿಗೆ ಜನರ ಹರಿವೇ ಬಾಡಿಗೆ, ಜಾಹೀರಾತು, ಗೋದಾಮು ಎಲ್ಲ. ಹಳಬರಿಗೆ ಇದು ಗೊತ್ತಿತ್ತು. ಸಂತೆಮರಹಳ್ಳಿ, ಸಂತೇಬೆನ್ನೂರು ಅಂತ ಊರಿಗೆ ಹೆಸರೇ ಬೀಳುವಷ್ಟು ಸಂತೆಗೆ ಬೆಲೆಯಿತ್ತು. ವಾರದಲ್ಲಿ ಒಂದು ದಿನ ಸಂತೆ, ಉಳಿದ ಆರು ದಿನ ಅದೇ ಮೈದಾನದಲ್ಲಿ ದನ ಮೇಯುತ್ತಿದ್ದವು, ಹುಡುಗರು ಆಡುತ್ತಿದ್ದರು. ಜಾಗವನ್ನು ಅಡಿಯಲ್ಲಷ್ಟೇ ಅಲ್ಲದೆ ಹೊತ್ತಿನಲ್ಲೂ ಹಂಚಿಕೊಳ್ಳುವ ಉಪಾಯ ಅದು. ಬಸವನಗುಡಿಯಲ್ಲಿ ಕಾರ್ತಿಕದ ಕೊನೆಯ ಸೋಮವಾರದ ಕಡಲೆಕಾಯಿ ಪರಿಷೆಗೆ ಇಡೀ ರಸ್ತೆಯನ್ನೇ ಬಿಟ್ಟುಕೊಡುವ ನಗರಕ್ಕೆ ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ಮೂರಡಿ ಬಿಟ್ಟುಕೊಡುವುದು ಹೊಸ ವಿದ್ಯೆಯೇನಲ್ಲ.

ದಕ್ಷಿಣ ಆಫ್ರಿಕಾದ ಡರ್ಬನ್ ನಗರದಲ್ಲಿ ವಾರ್ವಿಕ್ ಜಂಕ್ಷನ್ ಎಂಬ ಜಾಗವಿದೆ. ರೈಲು, ಬಸ್ಸು, ಮಿನಿಬಸ್ಸು ಎಲ್ಲ ಕೂಡುವ ತಾಣ. ನಮ್ಮ ಮೆಜೆಸ್ಟಿಕ್ಕನ್ನೂ ಕೆ.ಆರ್. ಮಾರುಕಟ್ಟೆಯನ್ನೂ ಒಟ್ಟಿಗೆ ಕಲಸಿದ ಹಾಗೆ. ದಿನಕ್ಕೆ ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಹಾಯುತ್ತಾರೆ, ವ್ಯಾಪಾರಿಗಳೇ ಸಾವಿರಗಟ್ಟಲೆ. ವರ್ಣಭೇದ ನೀತಿ ಮುಗಿದ ಮೇಲೆ, 1990ರ ದಶಕದಲ್ಲಿ, ಅಲ್ಲಿನ ಪಾಲಿಕೆ ಎಬ್ಬಿಸುವ ಬದಲು ವ್ಯಾಪಾರಿಗಳ ಜೊತೆ ಕೂತು ಮಾತಾಡಿತು. ಬೇರು ನಾರು ಮಾರುವ ನಾಟಿವೈದ್ಯದವರಿಗೆ ಅರ್ಧಕ್ಕೆ ನಿಂತುಹೋಗಿದ್ದ ಫ್ಲೈಓವರ್ ಒಂದರ ಮೇಲೆ ಮಾರುಕಟ್ಟೆ ಮಾಡಿಕೊಟ್ಟಿತು. ಜನ ಹೇಗೂ ಆ ಮಟ್ಟದಲ್ಲೇ ಓಡಾಡುತ್ತಿದ್ದರು, ವ್ಯಾಪಾರ ಕುಸಿಯಲಿಲ್ಲ. ಆದರೆ ಇಂಥದ್ದು ಒಮ್ಮೆ ಮಾಡಿ ಮುಗಿಸುವ ಕೆಲಸವಲ್ಲ. 2010ರ ವಿಶ್ವಕಪ್ ಫುಟ್‌ಬಾಲ್ ಹತ್ತಿರ ಬಂದಾಗ ಅದೇ ಜಾಗದಲ್ಲಿ ಮಾಲ್ ಕಟ್ಟುವ ಯೋಜನೆ ಎದ್ದಿತು. ವ್ಯಾಪಾರಿಗಳು ಹೋರಾಡಿ ಅದನ್ನು ತಡೆಯಬೇಕಾಯಿತು.

ಸುರಕ್ಷತೆ ಅಂದಕೂಡಲೇ ನಮಗೆ ಹೊಳೆಯುವುದು ಕ್ಯಾಮೆರಾ. ನಿರ್ಭಯಾ ನಿಧಿಯ ಹಣದಲ್ಲಿ ಬೆಂಗಳೂರಿನಲ್ಲಿ ಸಾವಿರಾರು ಕ್ಯಾಮೆರಾ ಹಾಕಿದ್ದಾರೆ, ಬೇಕಾದದ್ದೇ. ಆದರೆ ರಾತ್ರಿ ಹತ್ತಕ್ಕೆ ಕೊನೆಯ ಬಸ್ಸಿಂದ ಇಳಿಯುವ ಗಾರ್ಮೆಂಟ್ಸ್ ಹುಡುಗಿಗೆ ಧೈರ್ಯ ಕೊಡುವುದು ಮೂಲೆಯ ಎಗ್‌ರೈಸ್ ಗಾಡಿಯ ಬಲ್ಬು ಮತ್ತು ಅದರ ಹಿಂದೆ ಪರಿಚಯದ ಮುಖ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಬಸ್ ಟಿಕೆಟ್ಟಿನ ಖರ್ಚು ಹೋಯಿತು. ಬಸ್ ನಿಲ್ದಾಣದಿಂದ ಮನೆಯವರೆಗಿನ ಕತ್ತಲು ಹೋಗಬೇಕಾದರೆ ಬೀದಿಯಲ್ಲಿ ಜನ ಇರಬೇಕು. ಆ ಗಾಡಿಯನ್ನು ಎತ್ತಿಸಿದ ದಿನ ಬೀದಿ ಚೊಕ್ಕಟವಾಗುತ್ತದೆ, ಹಾಗೆಯೇ ನಿರ್ಜನವೂ ಆಗುತ್ತದೆ. ಇನ್ನು ವ್ಯಾಪಾರ ಮಾಡುವ ಹೆಂಗಸಿಗೆ ಬೇಕಾದದ್ದು ಕೈಗೆಟಕುವ ದೂರದಲ್ಲಿ, ಬಾಗಿಲಿಗೆ ಚಿಲಕವಿರುವ, ಬೆಳಿಗ್ಗೆ ಐದಕ್ಕೇ ತೆರೆಯುವ ಶೌಚಾಲಯ. ಮಾರುಕಟ್ಟೆಯಲ್ಲಿ ಸೊಪ್ಪು ಹಿಡಿಯಲು ಅವರು ಮನೆ ಬಿಡುವುದು ಮೂರಕ್ಕೋ ಮೂರೂವರೆಗೋ. ಶೌಚಾಲಯದ ಗುತ್ತಿಗೆದಾರನಿಗೆ ಬೆಳಗಾಗುವುದು ಏಳಕ್ಕೆ. ನೀರು ಕುಡಿಯದೆ ಕೂತು ಉರಿಮೂತ್ರ ತಂದುಕೊಳ್ಳುವವರ ಔಷಧಿ ಖರ್ಚನ್ನು ಯಾವ ಪಾಲಿಕೆಯ ಬಜೆಟ್ಟೂ ತೋರಿಸುವುದಿಲ್ಲ. 2017ರಲ್ಲಿ ಶುರುವಾದ ಇಂದಿರಾ ಕ್ಯಾಂಟೀನ್ ಈ ವಿಷಯದಲ್ಲಿ ಒಂದು ಪಾಠ ಅನ್ನಿಸುತ್ತದೆ. 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ. ಬೀದಿಯಲ್ಲಿ ದುಡಿಯುವವರಿಗೂ ಹಸಿವಾಗುತ್ತದೆ ಎಂದು ಒಪ್ಪಿಕೊಂಡ ಮೇಲೆ ವಾರ್ಡಿನೊಳಗೆ ಜಾಗ ಹೇಗೋ ಸಿಕ್ಕಿತು. ಹಸಿವನ್ನು ಒಪ್ಪಿದವರಿಗೆ ಅದರ ಮುಂದಿನ ಭಾಗವನ್ನು ಒಪ್ಪಲು ಯಾಕೋ ನಾಚಿಕೆ.

ಸಮೀಕ್ಷೆಯ ವಿಷಯ ಬಂದಾಗ ಸೊಪ್ಪಿನ ಅಕ್ಕನನ್ನು ಕೇಳಿದೆ, ನಿಮ್ಮ ಹೆಸರು ಬರೆದುಕೊಂಡರಾ ಅಂತ. ಅವತ್ತು ಇನ್ನೂ ಬೋಣಿ ಆಗಿರಲಿಲ್ಲ, ಅವರು ಮೊದಲು ನನ್ನ ಚೀಲಕ್ಕೆ ಎರಡು ಕಟ್ಟು ಮೆಂತ್ಯ ಹಾಕಿ, ದುಡ್ಡನ್ನು ಕಣ್ಣಿಗೊತ್ತಿಕೊಂಡು, ಆಮೇಲೆ ಉತ್ತರ ಕೊಟ್ಟರು.

"ಬಂದಿದ್ರಂತೆ. ಆಚೆ ಚಪ್ಪಲಿ ಹೊಲಿಯೋ ತಾತ ಹೇಳ್ತಿದ್ರು. ಹನ್ನೊಂದು ಗಂಟೇಲಿ ಬಂದು ನೋಡಿದ್ರೆ ನಾನೆಲ್ಲಿರ್ತೀನಿ? ಒಂಬತ್ತೂವರೆಗೆ ನಾನು ಮನೆಗೆಲಸಕ್ಕೆ ಹೋಗಾಗಿರುತ್ತೆ."

"ಮತ್ತೆ ತಾತ ನಿಮ್ಮ ಬಗ್ಗೆ ಹೇಳಲಿಲ್ವಾ?"

"ಹೇಳಿದ್ರಂತೆ. ಜಾಗದಲ್ಲಿ ಕೂತಿರ್ಬೇಕು, ಫೋಟೋ ತೆಗೀಬೇಕು ಅಂದ್ರಂತೆ." ಕೊತ್ತಂಬರಿಗೆ ನೀರು ಚಿಮುಕಿಸುತ್ತಾ ಅಕ್ಕ ಮೂಲೆಯ ಕಡೆಗೊಮ್ಮೆ ನೋಡಿದರು. "ಎಬ್ಬಿಸೋಕೆ ಬರೋರಿಗೆ ಮಾತ್ರ ನಾನು ಎಷ್ಟೊತ್ತಿಗೆ ಸಿಗ್ತೀನಿ ಅಂತ ಸರಿಯಾಗಿ ಗೊತ್ತಿರುತ್ತೆ ನೋಡಿ."